ಮನೆಯೇ ಮೇಳ: ಕ್ಲಾನಡ್ ತಂಡದ ಅರ್ಧ ಶತಮಾನ



ಐರ್ಲೆಂಡ್ ಎಂದ ಕೂಡಲೇ ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ಯೇಟ್ಸ್, ಜಾಯ್ಸ್, ಬೆಕೆಟ್ ನೆನಪಾಗುತ್ತಾರೆ. ಯೇಟ್ಸ್ ಮತ್ತು ಜಾಯ್ಸ್ ಬರೆದದ್ದು ಇಂಗ್ಲಿಷಿನಲ್ಲಿ. ಬೆಕೆಟ್ ಇಂಗ್ಲಿಷಿನ ಜೊತೆಗೆ ಫ್ರೆಂಚನ್ನೂ ಹಿಡಿದರು. ಆ ನೆಲದ ಹಳೆಯ ಭಾಷೆ ಐರಿಷ್ ನಮ್ಮ ತರಗತಿಗಳಿಗೆ ಬರಲೇ ಇಲ್ಲ. 1937ರ ಸಂವಿಧಾನ ಅದನ್ನು ದೇಶದ ಮೊದಲ ಅಧಿಕೃತ ಭಾಷೆ ಎಂದಿದೆ. ಆದರೆ ಮನೆಮಾತಾಗಿ ಅದು ಉಳಿದಿರುವುದು ಮುಖ್ಯವಾಗಿ ಪಶ್ಚಿಮದ ಕಡಲಂಚಿನ ಕೆಲವು ಚೂರು ಸೀಮೆಗಳಲ್ಲಿ. ಅವುಗಳಿಗೆ ಗೇಲ್‌ಟಾಖ್ಟ್ ಎಂದು ಹೆಸರು. ಅಂಥ ಒಂದು ಸೀಮೆಯ ಒಂದೇ ಮನೆಯಿಂದ ಎದ್ದ ಹಾಡಿನ ತಂಡದ ಬಗ್ಗೆ ಇವತ್ತು ಮಾತಾಡುತ್ತೇನೆ. ಹೆಸರು ಕ್ಲಾನಡ್. ಹುಟ್ಟಿದ್ದು 1970ರಲ್ಲಿ, ಕೊನೆಯ ಕಛೇರಿ 2023ರಲ್ಲಿ.

ಜಾನಪದದ ದತ್ತಿ ಉಪನ್ಯಾಸಕ್ಕೆ ಇದೆಂಥ ವಿಷಯ ಎಂದು ಕೆಲವರಿಗೆ ಅನಿಸಬಹುದು. ಜಾನಪದದ ಗೋಷ್ಠಿಗಳಲ್ಲಿ ನಾವು ಸಂಗ್ರಹದ ಬಗ್ಗೆ ಮಾತಾಡುತ್ತೇವೆ, ಪಾಠಾಂತರದ ಬಗ್ಗೆ ಮಾತಾಡುತ್ತೇವೆ, ಅಳಿವಿನ ಬಗ್ಗೆಯಂತೂ ಎದೆ ಬಡಿದುಕೊಳ್ಳುತ್ತೇವೆ. ಹಾಡುವವರು ಊಟಕ್ಕೆ ಏನು ಮಾಡಿದರು, ತಾಲೀಮು ಎಲ್ಲಿ ನಡೆಯಿತು, ವಾದ್ಯ ಕೊಳ್ಳಲು ದುಡ್ಡು ಎಲ್ಲಿಂದ ಬಂತು, ಯಾರು ಬಿಟ್ಟುಹೋದರು, ಹೋದ ಮೇಲೆ ಉಳಿದವರು ಏನು ಮಾಡಿದರು ಎಂದು ಕೇಳುವುದು ಕಡಿಮೆ. ಕ್ಲಾನಡ್ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಉತ್ತರಗಳಿವೆ. ಟೆಲಿವಿಷನ್ನಿನ ಒಂದು ಶೀರ್ಷಿಕೆ ಗೀತೆ ಈ ತಂಡವನ್ನು ರಾತ್ರೋರಾತ್ರಿ ಮೇಲೆತ್ತಿತು ಎಂಬ ಕಥೆ ಬಹಳ ಪ್ರಚಾರದಲ್ಲಿದೆ. ಆ ಕಥೆಯಲ್ಲಿ ಸುಳ್ಳಿಲ್ಲ, ಆದರೆ ಅದು ಹನ್ನೆರಡು ವರ್ಷ ತಡವಾಗಿ ಶುರುವಾಗುತ್ತದೆ. ತಂಡವನ್ನು ಕಟ್ಟಿದ್ದು, ಕಾದದ್ದು, ಒಡೆದಾಗ ಹೊತ್ತದ್ದು ಒಂದು ಮನೆ. ಇವತ್ತು ನನ್ನ ವಾದ ಇಷ್ಟೇ.

ಊರಿನಿಂದ ಆರಂಭಿಸೋಣ. ಡೊನೆಗಾಲ್ ಐರ್ಲೆಂಡಿನ ವಾಯವ್ಯ ಮೂಲೆಯ ಜಿಲ್ಲೆ. ಅದರ ಪಶ್ಚಿಮದ ಅಂಚಿನಲ್ಲಿ ಗ್ವೀಡೋರ್. ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ 751 ಮೀಟರ್ ಎತ್ತರದ ಎರಿಗಲ್ ಬೆಟ್ಟ, ನಡುವೆ ಕಲ್ಲು ಮತ್ತು ಜೌಗು. ಕೃಷಿ ಹೊಟ್ಟೆ ತುಂಬಿಸದ ನೆಲ. ತಲೆಮಾರುಗಟ್ಟಲೆ ಇಲ್ಲಿನ ಗಂಡಸರು, ಹೆಂಗಸರು, ಮಕ್ಕಳು ಸುಗ್ಗಿಯ ಕಾಲಕ್ಕೆ ಸ್ಕಾಟ್ಲೆಂಡಿಗೆ ಆಲೂಗಡ್ಡೆ ಅಗೆಯುವ ಕೂಲಿಗೆ ಹೋಗಿಬರುತ್ತಿದ್ದರು. ಹೋದವರು ಕೂಲಿಯ ಜೊತೆ ಹಾಡನ್ನೂ ತಂದರು. ಐರಿಷ್ ಇಲ್ಲಿನ ಮನೆಮಾತು; ಅದಕ್ಕಂಟಿದ ಬಡತನದ ಮುದ್ರೆ ಕೂಡ ಇಲ್ಲಿನದೇ. ಡಬ್ಲಿನ್ನಿನ ಪೇಟೆಯವರಿಗೆ ಐರಿಷ್ ಎಂದರೆ ಶಾಲೆಯ ಕಡ್ಡಾಯ ಪಾಠ. ಆ ಭಾಷೆಯಲ್ಲಿ ಹಾಡಿ ಹಣ ಮಾಡಬಹುದೆಂದು ಯಾರೂ ನಂಬಿರಲಿಲ್ಲ.

ಇಲ್ಲಿ ಲಿಯೋ ಬ್ರೆನನ್ ಮತ್ತು ಅವರ ಹೆಂಡತಿ, ಎಲ್ಲರೂ ಬಾಬಾ ಎಂದು ಕರೆಯುತ್ತಿದ್ದ ಮಾಯರ ಡುಗನ್, ಸಂಸಾರ ಹೂಡಿದರು. ಲಿಯೋ ನೃತ್ಯಕೂಟಗಳಿಗೆ ನುಡಿಸುವ ಬ್ಯಾಂಡಿನ ನಾಯಕ. ಬಾಬಾ ಸಂಗೀತದ ಶಿಕ್ಷಕಿ, ಊರಿನ ಚರ್ಚಿನ ವೃಂದಗಾನವನ್ನು ನಡೆಸುತ್ತಿದ್ದವರು. ಮಕ್ಕಳು ಒಂಬತ್ತು. ಹಿರಿಯ ಮಗಳು ಮೋಯಾ 1952ರಲ್ಲಿ ಹುಟ್ಟಿದಳು, ಅವಳ ಹಿಂದೆ ಕೀರನ್, ಪೋಲ್. ಆರನೆಯವಳು 1961ರಲ್ಲಿ ಹುಟ್ಟಿದಳು. ಅವಳ ಹೆಸರನ್ನು ಆಮೇಲೆ ಹೇಳುತ್ತೇನೆ, ನಿಮ್ಮಲ್ಲಿ ಅನೇಕರಿಗೆ ಗೊತ್ತಿರುವ ಹೆಸರು. ಬಾಬಾ ಅವರಿಗೆ ನೋಯಲ್ ಮತ್ತು ಪಾಡ್ರಿಗ್ ಎಂಬ ಅವಳಿ ತಮ್ಮಂದಿರು. ಇವರು ಹುಟ್ಟಿದ್ದು 1949ರಲ್ಲಿ. ಅಂದರೆ ಸೋದರಮಾವಂದಿರು ಹಿರಿಯ ಸೊಸೆಗಿಂತ ಮೂರೇ ವರ್ಷ ದೊಡ್ಡವರು. ಸಲುಗೆಯಲ್ಲಿ ಅಣ್ಣಂದಿರು, ಲೆಕ್ಕದಲ್ಲಿ ಮಾವಂದಿರು. ಅಕ್ಕ, ಇಬ್ಬರು ತಮ್ಮಂದಿರು, ಇಬ್ಬರು ಸೋದರಮಾವಂದಿರು ಸೇರಿ ಐದು ಜನರ ತಂಡ.

1968ರಲ್ಲಿ ಲಿಯೋ ದಂಪತಿ ಮೀನಲೆಕ್ ಎಂಬಲ್ಲಿ ಒಂದು ಪಬ್ ತೆರೆದರು. ಲಿಯೋಸ್ ಟ್ಯಾವರ್ನ್ ಎಂದು ಅದರ ಹೆಸರು. ನನ್ನ ಮಟ್ಟಿಗೆ ಈ ತಂಡದ ಚರಿತ್ರೆಯಲ್ಲಿ ಆ ಶೀರ್ಷಿಕೆ ಗೀತೆ ಬಂದ 1982ಕ್ಕಿಂತ ಮುಖ್ಯವಾದ ವರ್ಷ 1968. ಯಾಕೆಂದರೆ ಹಾಡುವ ಮಕ್ಕಳಿಗೆ ಅಲ್ಲಿ ಒಂದು ವೇದಿಕೆ ಸಿಕ್ಕಿತು, ಬಾಡಿಗೆ ಇಲ್ಲ. ಕೇಳುಗರು ಸಿಕ್ಕರು, ಟಿಕೆಟ್ ಇಲ್ಲ. ತಪ್ಪಿದರೆ ತಿದ್ದಲು ತಾಯಿ ಇದ್ದರು, ಜನರನ್ನು ಹಿಡಿದಿಡುವುದು ಹೇಗೆಂದು ತೋರಿಸಲು ಅಕಾರ್ಡಿಯನ್ ಹಿಡಿದ ತಂದೆ ಇದ್ದರು. ಬಂದವರು ಊರಿನ ಮೀನುಗಾರರು, ರಜೆಗೆ ಬಂದ ಪರವೂರಿನವರು. ಈ ಹುಡುಗರು ಅವರ ಮುಂದೆ ಹಳೆಯ ಹಾಡುಗಳನ್ನು ಮಾತ್ರ ಹಾಡಲಿಲ್ಲ. ಬೀಟಲ್ಸ್ ಹಾಡುಗಳನ್ನು ಐರಿಷಿಗೆ ತಿರುಗಿಸಿ ಹಾಡಿದರು. ಶುದ್ಧ ಜಾನಪದದ ಆರಾಧಕರು ಇದನ್ನು ಗಮನಿಸಬೇಕು. ಪರಂಪರೆಯ ವಾರಸುದಾರರು ಎಂದು ನಾವು ಕರೆಯುವವರು ಹದಿಹರೆಯದಲ್ಲಿ ರೇಡಿಯೋಗೆ ಕಿವಿ ಹಚ್ಚಿಕೊಂಡೇ ಬೆಳೆದವರು.

ಮೊದಲು ಅವರ ತಂಡದ ಹೆಸರು ಇನ್ನೂ ಉದ್ದವಾಗಿತ್ತು. ಡೋರ್ ಊರಿನ ಕುಟುಂಬ ಎಂಬರ್ಥದ ಐರಿಷ್ ಪದಪುಂಜ ಅದು. ಅದನ್ನೇ ಮೊಟಕು ಮಾಡಿ ಕ್ಲಾನಡ್ ಎಂದರು. ಲೆಟರ್‌ಕೆನಿ ಪಟ್ಟಣದ ಜನಪದ ಉತ್ಸವದಲ್ಲಿ ಗೆದ್ದ ಮೇಲೆ ಫಿಲಿಪ್ಸ್ ರೆಕಾರ್ಡ್ ಕಂಪನಿಯ ಬಾಗಿಲು ತೆರೆಯಿತು. ಕಂಪನಿಗೆ ಐರಿಷ್ ಹಾಡುಗಳ ಬಗ್ಗೆ ಅನುಮಾನ. ಕೊಳ್ಳುವವರು ಯಾರು ಎಂಬ ಪ್ರಶ್ನೆ. ಮೊದಲ ರೆಕಾರ್ಡ್ ಹೊರಬಂದದ್ದು 1973ರಲ್ಲಿ.

ಎರಡನೆಯ ರೆಕಾರ್ಡಿಗೆ ಅವರು ಗೇಲ್ ಲಿನ್ ಸಂಸ್ಥೆಗೆ ಹೋದರು. ಈ ಸಂಸ್ಥೆಯ ಬಗ್ಗೆ ಎರಡು ಮಾತು ಹೇಳಲೇಬೇಕು. 1953ರಲ್ಲಿ ಐರಿಷ್ ಭಾಷೆಯ ಉತ್ತೇಜನಕ್ಕೆಂದು ಹುಟ್ಟಿದ ಸಂಸ್ಥೆ ಅದು. ಬಂಡವಾಳ ಹುಟ್ಟಿಸಿದ್ದು ಸರ್ಕಾರದ ಮುಂದೆ ಕೈಚಾಚಿ ಅಲ್ಲ, ಆಟದ ಪಂದ್ಯಗಳ ಫಲಿತಾಂಶದ ಮೇಲೆ ಜನ ಕಟ್ಟುವ ಸಣ್ಣ ಬಾಜಿಯಿಂದ. ಆ ಹಣದಲ್ಲಿ ಚಲನಚಿತ್ರ ಮಾಡಿದರು, ರೆಕಾರ್ಡ್ ಹೊರಡಿಸಿದರು. ಭಾಷೆ ಉಳಿಸುವ ಕೆಲಸವನ್ನು ಬಾಜಿಕಟ್ಟೆಯ ದುಡ್ಡಿನಲ್ಲಿ ಮಾಡಿದ್ದು ನಮ್ಮ ಮಡಿವಂತರಿಗೆ ಹಿಡಿಸಲಿಕ್ಕಿಲ್ಲ. ಆದರೆ ಕೆಲಸ ಆಯಿತು. 1972ರಲ್ಲಿ ಗೇಲ್‌ಟಾಖ್ಟ್ ಸೀಮೆಗಳಿಗೆಂದೇ ಐರಿಷ್ ಬಾನುಲಿ ಶುರುವಾಯಿತು. ಅದಕ್ಕೂ ಮುನ್ನ ಆ ಸೀಮೆಗಳ ತರುಣರು ಭಾಷಾ ಹಕ್ಕಿಗಾಗಿ ಚಳವಳಿ ಹೂಡಿದ್ದರು. ಅಂದರೆ ಕ್ಲಾನಡ್ ಹಾಡತೊಡಗಿದ ಕಾಲಕ್ಕೆ ಗಾಳಿ ಸ್ವಲ್ಪ ತಿರುಗಿತ್ತು.

ಇನ್ನು ಹಾಡುಗಳಿಗೆ ಬರುತ್ತೇನೆ. ಗ್ವೀಡೋರ್, ಅದರ ನೆರೆಯ ರಾನಫಾಸ್ಟ್, ಕಡಲಾಚೆಯ ಟೋರಿ ದ್ವೀಪ ಹಾಡಿನ ಕಣಜಗಳು. ಹಳಬರ ಮನೆಗಳಿಗೆ ಹೋಗಿ ಈ ಮಕ್ಕಳು ಹಾಡು ಕಲಿತರು. ಐರಿಷ್ ಹಾಡುಗಾರಿಕೆಯ ಹಳೆಯ ಕ್ರಮದಲ್ಲಿ ಹಾಡುವವರು ಒಬ್ಬರೇ. ಹಿಮ್ಮೇಳ ಇಲ್ಲ, ತಾಳದ ಕಟ್ಟು ಸಡಿಲ, ಅಲಂಕಾರವೆಲ್ಲ ಕಂಠದಲ್ಲೇ. ಅದನ್ನು ಐದು ಜನರ ತಂಡಕ್ಕೆ ಒಗ್ಗಿಸುವುದು ಸುಲಭದ ಕೆಲಸವಲ್ಲ. ಅದೇ ಕಾಲದ ದೊಡ್ಡ ತಂಡಗಳು ಬೇರೆ ದಾರಿ ಹಿಡಿದಿದ್ದವು. 1962ರಲ್ಲಿ ಹುಟ್ಟಿದ ಚೀಫ್ಟನ್ಸ್, 1972ರ ಪ್ಲಾಂಕ್ಸ್ಟಿ, 1975ರ ಬಾಥಿ ಬ್ಯಾಂಡ್ ಈ ಮೂರರಲ್ಲೂ ತಿದಿಯೊತ್ತಿ ನುಡಿಸುವ ಇಲಿಯನ್ ಪೈಪ್ ಮುಖ್ಯ. ಕುಣಿತದ ಗತ್ತುಗಳು ಅವರ ಬೆನ್ನೆಲುಬು. ಡೊನೆಗಾಲ್ ಅಂತೂ ಪಿಟೀಲಿನ ನಾಡು. ಆದರೆ ಡೊನೆಗಾಲಿನ ಈ ಐವರಲ್ಲಿ ಪಿಟೀಲೂ ಇಲ್ಲ, ಪೈಪೂ ಇಲ್ಲ. ಮೋಯಾ ಕೈಯಲ್ಲಿ ಹಾರ್ಪ್, ಕೀರನ್ ಕೈಯಲ್ಲಿ ಆಳೆತ್ತರದ ಡಬಲ್ ಬಾಸ್, ಪೋಲ್ ಕೊಳಲು, ನೋಯಲ್ ಗಿಟಾರ್, ಪಾಡ್ರಿಗ್ ಮ್ಯಾಂಡೊಲಿನ್. ಕುಣಿತವನ್ನು ಬದಿಗಿಟ್ಟು ಹಾಡನ್ನೇ ನಂಬಿದ ತಂಡ ಅದು.

ಡಬಲ್ ಬಾಸ್ ಬಂದದ್ದು ಜಾಸ್ ಸಂಗೀತದಿಂದ. ಒಬ್ಬರೇ ಹಾಡುವ ಹಳೆಯ ಹಾಡಿಗೆ ಅದು ಕೆಳಗಿನಿಂದ ನಡಿಗೆ ಕೊಟ್ಟಿತು. ಮೇಲಿನಿಂದ ಮೂರು ನಾಲ್ಕು ದನಿಗಳು ಬೇರೆಬೇರೆ ಸ್ವರದಲ್ಲಿ ಕೂಡಿಕೊಂಡವು. ಈ ದನಿಗೂಡಿಸುವ ವಿದ್ಯೆ ಎಲ್ಲಿಂದ ಬಂತು? ತಾಯಿಯ ಚರ್ಚ್ ವೃಂದಗಾನದಿಂದ. ಒಡಹುಟ್ಟಿದವರ ದನಿಗಳಲ್ಲಿ ಒಂದು ಸಾಮ್ಯ ಇರುತ್ತದೆ; ಉಸಿರು ಎಲ್ಲಿ ಬೀಳುತ್ತದೆ, ಸ್ವರವನ್ನು ಎಲ್ಲಿ ಬಿಡಬೇಕು ಎಂಬುದು ಹೇಳದೆಯೇ ತಿಳಿಯುತ್ತದೆ. ಕ್ಲಾನಡ್ ದನಿಗಳನ್ನು ಕೇಳಿದರೆ ಯಾವುದು ಯಾರದು ಎಂದು ಬಿಡಿಸುವುದು ಕಷ್ಟ.

1976ರ ಅವರ ಮೂರನೆಯ ರೆಕಾರ್ಡ್ ‘ಡೂಲಮಾನ್’. ವೇಲ್ಸಿನ ರಾಕ್‌ಫೀಲ್ಡ್ ಸ್ಟುಡಿಯೋದಲ್ಲಿ ಮುದ್ರಿಸಿದ್ದು. ಡೂಲಮಾನ್ ಎಂದರೆ ಕಡಲಪಾಚಿ. ಬರಗಾಲದಲ್ಲಿ ಅದನ್ನು ತಿಂದು ಬದುಕಿದ ಜನ ಇವರು. ಬಂಜರಿಗೆ ಗೊಬ್ಬರವಾಗಿ ಹಾಕಿದವರು. ಪಾಚಿ ಆಯುವವನೊಬ್ಬ ಹೆಣ್ಣು ಕೇಳಲು ಬರುವ ತಮಾಷೆಯ ಹಾಡು ಅದು, ತಾಯಿ ಮಗಳ ನಡುವಿನ ಸಂವಾದ. ಕ್ಲಾನಡ್ ಅದನ್ನು ಹಾಡಿದ ರೀತಿಯಲ್ಲಿ ತಮಾಷೆಗೆ ಒಂದು ಬಿಗಿ ಬಂತು, ದನಿಗಳು ಒಂದರ ಮೇಲೊಂದು ಅಲೆಯಂತೆ ಏರಿ ಬಂದವು. ಆ ಮೇಲೆ ಎಷ್ಟೋ ಗುಂಪುಗಳು ಆ ಹಾಡನ್ನು ಹಾಡಿವೆ. ಕ್ಲಾನಡ್‌ನ ಎಲ್ಲ ರೆಕಾರ್ಡುಗಳಲ್ಲಿ ಇದೇ ಶ್ರೇಷ್ಠ ಎಂದು ನನ್ನ ಅಭಿಪ್ರಾಯ. ಸಿಂಥಸೈಸರಿನ ಮಂಜು ಕವಿಯುವ ಮುನ್ನದ ಕ್ಲಾನಡ್ ಇಲ್ಲಿದೆ. ಮರ, ತಂತಿ, ಉಸಿರು ಮೂರೂ ಬಿಡಿಬಿಡಿಯಾಗಿ ಕೇಳುತ್ತವೆ.

ಅಷ್ಟರಲ್ಲಿ ತಂಡ ಪೂರ್ಣಾವಧಿಯ ವೃತ್ತಿಗೆ ಇಳಿದಿತ್ತು. ಆ ಧೈರ್ಯ ಬಂದದ್ದು ಐರ್ಲೆಂಡಿನಲ್ಲಿ ಅಲ್ಲ, 1975ರ ಜರ್ಮನಿಯ ಪ್ರವಾಸದಲ್ಲಿ. ಐರಿಷಿನಲ್ಲಿ ಹಾಡಿದರೆ ಮುಂದೆ ಬರುವುದಿಲ್ಲ ಎಂದು ಸ್ವದೇಶದಲ್ಲಿ ಕೇಳಿಸಿಕೊಂಡಿದ್ದ ಹುಡುಗರಿಗೆ ಒಂದಕ್ಷರ ಅರ್ಥವಾಗದ ಜರ್ಮನ್ನರು ಮತ್ತೆಮತ್ತೆ ಹಾಡಿಸಿ ಚಪ್ಪಾಳೆ ತಟ್ಟಿದರು. ಮನೆಗೆ ಬಂದು ವೃತ್ತಿ ಇದೇ ಎಂದು ತೀರ್ಮಾನಿಸಿದರು. ನೆರೆಯವರು ಒಪ್ಪದ್ದನ್ನು ದೂರದವರು ಒಪ್ಪಿದ ಮೇಲೆ ನೆರೆಯವರೂ ಒಪ್ಪುವುದು ಎಲ್ಲ ಊರಿನ ಪದ್ಧತಿ ತಾನೆ.

1980ರಲ್ಲಿ ಆರನೆಯ ಮಗು ತಂಡಕ್ಕೆ ಬಂದಳು, ಕೀಬೋರ್ಡ್ ನುಡಿಸಲು ಮತ್ತು ದನಿಗೂಡಿಸಲು. ಅವಳೇ ಎನ್ಯಾ. ತಂಡದ ವ್ಯವಹಾರ ಮತ್ತು ಧ್ವನಿಮುದ್ರಣ ನೋಡಿಕೊಳ್ಳುತ್ತಿದ್ದವರು ನಿಕಿ ರಾಯನ್. ಒಂದೇ ದನಿಯನ್ನು ಹತ್ತಾರು ಬಾರಿ ಮುದ್ರಿಸಿ ಒಂದರ ಮೇಲೊಂದು ಹಾಸುವ ಪ್ರಯೋಗದ ಗೀಳು ಅವರಿಗೆ. 1982ರಲ್ಲಿ ನಿಕಿ, ಅವರ ಹೆಂಡತಿ ರೋಮಾ ಮತ್ತು ಎನ್ಯಾ ಮೂವರೂ ತಂಡ ಬಿಟ್ಟು ತಮ್ಮ ದಾರಿ ಹಿಡಿದರು. 1988ರಲ್ಲಿ ಎನ್ಯಾ ಹಾಡಿದ ‘ಒರಿನೊಕೊ ಫ್ಲೋ’ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಎನ್ಯಾ ಹೆಸರು ನಮ್ಮ ಊರುಗಳ ಕ್ಯಾಸೆಟ್ ಅಂಗಡಿಗಳವರೆಗೂ ಬಂತು. ಬಿಟ್ಟದ್ದು ಯಾಕೆ, ಯಾರು ಯಾರಿಗೆ ಏನೆಂದರು ಎಂಬ ಒಳಮಾತು ನಮಗೆ ಬೇಡ. ಒಂದೇ ಮನೆಯ ಜಗಳದಲ್ಲಿ ಮೂರನೆಯವರು ನ್ಯಾಯ ಹೇಳಬಾರದು. ಗಮನಿಸಬೇಕಾದ್ದು ಬೇರೆ. ಎನ್ಯಾ ಹೆಸರಿನಲ್ಲಿ ಲೋಕ ಮೆಚ್ಚಿದ ಆ ಪದರುಪದರು ದನಿಯ ಒಂದು ಬೇರು ನಿಕಿ ರಾಯನ್ ಪ್ರಯೋಗದಲ್ಲಿದ್ದರೆ, ಇನ್ನೊಂದು ಬೇರು ಬಾಬಾ ಅವರ ವೃಂದಗಾನದಲ್ಲಿದೆ. ಮನೆ ಒಡೆಯಲಿಲ್ಲ, ಅದರ ವಿದ್ಯೆ ಎರಡು ಕಡೆ ಕವಲೊಡೆಯಿತು. ಹಾಡುವ ಕುಟುಂಬಗಳ ಚರಿತ್ರೆ ಬರೆಯುವಾಗ ಬಿಟ್ಟವರನ್ನು ಅಧ್ಯಾಯದ ಕೊನೆಗೆ ತಳ್ಳುವ ರೂಢಿ ತಪ್ಪು.

ಅದೇ 1982ರ ಅಕ್ಟೋಬರಿನಲ್ಲಿ ಯಾರ್ಕ್‌ಷೈರ್ ಟೆಲಿವಿಷನ್ ‘ಹ್ಯಾರೀಸ್ ಗೇಮ್’ ಎಂಬ ಮೂರು ಕಂತಿನ ನಾಟಕ ಪ್ರಸಾರ ಮಾಡಿತು. ಜೆರಾಲ್ಡ್ ಸೀಮೋರ್ ಕಾದಂಬರಿ ಆಧರಿಸಿದ್ದು. ಬ್ರಿಟಿಷ್ ಮಂತ್ರಿಯೊಬ್ಬನ ಕೊಲೆ, ಕೊಂದವನನ್ನು ಹಿಡಿಯಲು ವೇಷ ಮರೆಸಿ ಬೆಲ್‌ಫಾಸ್ಟಿಗೆ ಹೋಗುವ ಸೈನಿಕ. ಕಾಲ ನೆನಪಿಟ್ಟುಕೊಳ್ಳಿ: ಹಿಂದಿನ ವರ್ಷವಷ್ಟೇ ಉತ್ತರ ಐರ್ಲೆಂಡಿನ ಜೈಲಿನಲ್ಲಿ ಹತ್ತು ಮಂದಿ ಕೈದಿಗಳು ಉಪವಾಸದಿಂದ ಸತ್ತಿದ್ದರು. ಅಂಥ ಹೊತ್ತಿನಲ್ಲಿ ಬ್ರಿಟಿಷ್ ಟೆಲಿವಿಷನ್ನಿಗೆ ಐರಿಷ್ ಭಾಷೆಯ ಶೀರ್ಷಿಕೆ ಗೀತೆ! ರಚಿಸಿದ್ದು ಕೀರನ್ ಮತ್ತು ಪೋಲ್. ಮೂರು ನಿಮಿಷವೂ ಇಲ್ಲದ ಹಾಡು. ಪಕ್ಷ ವಹಿಸುವ ಮಾತು ಒಂದೂ ಇಲ್ಲ. ಇದ್ದದ್ದೆಲ್ಲ ಅಳಿಯುತ್ತದೆ ಎಂಬ ಹಳೆಯ ತಿಳಿವು ಅಷ್ಟೇ. ತಾಳವಾದ್ಯ ಇಲ್ಲ. ಸಿಂಥಸೈಸರ್ ಹಾಸಿನ ಮೇಲೆ ದನಿಗಳ ಗೋಡೆ. ಬ್ರಿಟನ್ನಿನ ಪಟ್ಟಿಯಲ್ಲಿ ಅದು ಐದನೆಯ ಸ್ಥಾನಕ್ಕೆ ಬಂತು. ಐವರ್ ನೊವೆಲ್ಲೊ ಪ್ರಶಸ್ತಿ ಬಂತು. ಯು2 ತಂಡ ತನ್ನ ಕಛೇರಿಗಳ ಕೊನೆಗೆ ಅದನ್ನು ಹಾಕುತ್ತಿತ್ತು. ಹತ್ತು ವರ್ಷದ ಮೇಲೆ, 1992ರಲ್ಲಿ, ‘ಪೇಟ್ರಿಯಟ್ ಗೇಮ್ಸ್’ ಚಿತ್ರದಲ್ಲೂ ಅದರ ಬೆನ್ನಿಗೆ ಫೋಕ್ಸ್‌ವ್ಯಾಗನ್ ಕಾರಿನ ಜಾಹೀರಾತಿನಲ್ಲೂ ಕೇಳಿಸಿ ಅಮೆರಿಕದಲ್ಲಿ ಹೊಸ ಕೇಳುಗರನ್ನು ತಂದಿತು. ಕಡಲಪಾಚಿ ಆಯುತ್ತಿದ್ದ ಜನರ ಮಾತು ಕಾರು ಮಾರಿತು.

ಈ ಹಾಡಿನ ಬೆಲೆಯನ್ನೂ ತಂಡ ತೆತ್ತಿತು. ಅಲ್ಲಿಂದಾಚೆ ಕೇಳಿದವರೆಲ್ಲ ಅದೇ ಮಂಜನ್ನು ಕೇಳಿದರು. 1984ರಲ್ಲಿ ‘ರಾಬಿನ್ ಆಫ್ ಶೆರ್‌ವುಡ್’ ಧಾರಾವಾಹಿಗೆ ಸಂಗೀತ ಕೊಟ್ಟರು. 26 ಕಂತಿನ ಆ ಧಾರಾವಾಹಿಯ ಸಂಗೀತಕ್ಕೆ ಬಾಫ್ಟಾ ಪ್ರಶಸ್ತಿ ಬಂತು. ಸಂಗೀತ ಚೆನ್ನಾಗಿದೆ, ಆದರೆ ಹಾಡುಗಳು ಇಂಗ್ಲಿಷಿಗೆ ವಾಲಿದವು. 1985ರ ‘ಮಕಾಲ’ ರೆಕಾರ್ಡಿನಲ್ಲಿ ಯು2ನ ಬೋನೊ ಜೊತೆ ಮೋಯಾ ಹಾಡಿದ ‘ಇನ್ ಎ ಲೈಫ್‌ಟೈಮ್’ ಬ್ರಿಟನ್ನಿನ ಮೊದಲ ಇಪ್ಪತ್ತರೊಳಗೆ ಬಂತು. ಅದರ ಚಿತ್ರೀಕರಣಕ್ಕೆ ಗ್ವೀಡೋರಿಗೇ ಹೋದರು. 1987ರ ‘ಸಿರಿಯಸ್’ ಮಾತ್ರ ನನಗೆ ಒಗ್ಗದ ರೆಕಾರ್ಡ್. ಅಮೆರಿಕದ ನಿರ್ಮಾಪಕರು, ಸ್ಟೀವ್ ಪೆರಿ, ಬ್ರೂಸ್ ಹಾರ್ನ್ಸ್‌ಬಿ ಅಂಥ ಅತಿಥಿಗಳು, ಡ್ರಮ್ಮಿನ ಸದ್ದು. ಹಾಡುತ್ತಿರುವವರು ಗ್ವೀಡೋರಿನವರೋ ಲಾಸ್ ಏಂಜಲೀಸಿನವರೋ ಎಂದು ತಿಳಿಯುವುದಿಲ್ಲ. ಹಾಡುವವರೂ ಬಾಳಬೇಕು, ಬಾಡಿಗೆ ಕಟ್ಟಬೇಕು; ಅವರು ಹಣ ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಒಳ್ಳೆಯ ಸದ್ದು ಎಂದರೆ ದುಬಾರಿ ಸದ್ದು ಎಂದು ಅವರು ನಂಬಿದ್ದು ಆ ಎರಡು ವರ್ಷ ಮಾತ್ರ, ಅದೂ ಸಾಕಷ್ಟಾಯಿತು.

1990ರಲ್ಲಿ ಪೋಲ್ ಬಿಟ್ಟರು. ಚೀನಾದ ಕೊಳಲುವಾದಕ ಗುವೊ ಯೂಎ, ಜಪಾನಿನ ತಾಳವಾದಕ ಜೋಜಿ ಹಿರೋಟ ಜೊತೆಗೂಡಿ ಬೇರೆ ಸಂಗೀತ ಮಾಡಿದರು. ನಾಲ್ವರೇ ಉಳಿದ ತಂಡದಲ್ಲಿ ರಚನೆಯ ಹೊರೆ ಹೆಚ್ಚಾಗಿ ಕೀರನ್ ಮೇಲೆ ಬಿತ್ತು. ‘ಅನಮ್’, ‘ಬಾನ್ಬ’, ‘ಲೋರ್’, ‘ಲ್ಯಾಂಡ್‌ಮಾರ್ಕ್ಸ್’ ಆ ದಶಕದವು. 1992ರ ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ ಚಿತ್ರಕ್ಕೂ ಹಾಡಿದರು. 1999ರಲ್ಲಿ ‘ಲ್ಯಾಂಡ್‌ಮಾರ್ಕ್ಸ್’ಗೆ ಗ್ರ್ಯಾಮಿ ಬಂತು, ಜಾನಪದದ ವಿಭಾಗದಲ್ಲಿ ಅಲ್ಲ, ‘ನ್ಯೂ ಏಜ್’ ವಿಭಾಗದಲ್ಲಿ. ಧ್ಯಾನದ ಕ್ಯಾಸೆಟ್ಟುಗಳ ಪಕ್ಕದ ಗೂಡಿನಲ್ಲಿ ಅವರನ್ನು ಇಟ್ಟದ್ದನ್ನು ಸಂಪ್ರದಾಯಸ್ಥರು ಆಡಿಕೊಂಡರು. ಆಕ್ಷೇಪದಲ್ಲಿ ಅರ್ಧ ಹುರುಳಿದೆ. ಇನ್ನರ್ಧಕ್ಕೆ ಉತ್ತರ ಗ್ವೀಡೋರಿನಲ್ಲೇ ಇದೆ: ಅದೇ ಊರಿನ ಮೈರೇಡ್ ನೀ ವೀನಿ ತಮ್ಮ ಪಿಟೀಲು ಹಿಡಿದು 1987ರಲ್ಲಿ ಆಲ್ಟನ್ ತಂಡವನ್ನು ಕಟ್ಟಿದರು, ಡೊನೆಗಾಲಿನ ಹಳೆಯ ಗತ್ತುಗಳನ್ನೂ ಐರಿಷ್ ಹಾಡುಗಳನ್ನೂ ಲೋಕಕ್ಕೆ ಒಯ್ದರು. ಐರಿಷ್ ಹಾಡಿಗೆ ಹೊರಗೆ ಕಿವಿ ಇದೆ ಎಂಬುದು ಅಷ್ಟರಲ್ಲಿ ಕ್ಲಾನಡ್‌ನಿಂದ ರುಜುವಾತಾಗಿತ್ತು.

ಆಮೇಲೆ ಸುಮಾರು ಹತ್ತು ವರ್ಷ ತಂಡ ಮೌನವಾಗಿತ್ತು. ಮೋಯಾ ತಮ್ಮ ಸ್ವಂತ ರೆಕಾರ್ಡುಗಳನ್ನು ಮಾಡಿದರು. ಐದು ಜನ ಗೆಳೆಯರ ತಂಡವಾಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು, ವಕೀಲರ ಕಚೇರಿಯಲ್ಲಿ. ಇವರು ಹಬ್ಬಕ್ಕೆ, ಮದುವೆಗೆ, ಸಾವಿಗೆ ಒಂದೇ ಮನೆಗೆ ಬರಬೇಕಾದವರು. ಆ ಮನೆಯಲ್ಲಿ ಪಬ್ಬೂ ವೇದಿಕೆಯೂ ಹಾಗೇ ಇದ್ದವು. 2007ರಲ್ಲಿ ಗ್ಲಾಸ್ಗೋ ನಗರದ ಉತ್ಸವದಲ್ಲಿ ಮತ್ತೆ ಸೇರಿ ಹಾಡಿದರು. ಅದೇ ವರ್ಷ ಬಿಬಿಸಿ ರೇಡಿಯೋ 2ರ ಜನಪದ ಸಂಗೀತದ ಜೀವಮಾನ ಪ್ರಶಸ್ತಿ ಬಂತು. 2011ರ ಜನವರಿಯಲ್ಲಿ ಡಬ್ಲಿನ್ನಿನ ಕ್ರೈಸ್ಟ್ ಚರ್ಚ್ ಕೆಥೀಡ್ರಲಿನಲ್ಲಿ ಪೋಲ್ ಕೂಡ ಬಂದು ನಿಂತರು. 2013ರಲ್ಲಿ ‘ನಾಡೂರ್’ ರೆಕಾರ್ಡ್ ಬಂತು, ಐವರೂ ಸೇರಿ ಮಾಡಿದ್ದು. ಅದರಲ್ಲಿ ಮಂಜು ತಿಳಿಯಾಗಿದೆ, ಹಳೆಯ ಹಾಡುಗಳು ಮರಳಿವೆ. ‘ಡೂಲಮಾನ್’ ಆದ ಮೇಲೆ ನಾನು ಹೆಚ್ಚು ಕೇಳುವುದು ಅದನ್ನೇ.

2016ರಲ್ಲಿ ತಂದೆ ಲಿಯೋ ತೀರಿಕೊಂಡರು, ಅದೇ ವರ್ಷದ ಆಗಸ್ಟಿನಲ್ಲಿ ಪಾಡ್ರಿಗ್ ಹೋದರು. 2020ರಲ್ಲಿ ಹೊರಟ ವಿದಾಯದ ಪ್ರವಾಸವನ್ನು ಕೋವಿಡ್ ತಡೆಯಿತು. ಅದು ಮತ್ತೆ ನಡೆಯುತ್ತಿರುವಾಗ, 2022ರ ಅಕ್ಟೋಬರಿನಲ್ಲಿ, ನೋಯಲ್ ಹೋದರು. ಅವಳಿ ಮಾವಂದಿರಿಬ್ಬರೂ ಇಲ್ಲದೆ 2023ರ ಸೆಪ್ಟೆಂಬರ್ 30ರಂದು ಡಬ್ಲಿನ್ನಿನ ತ್ರೀ ಅರೀನಾದಲ್ಲಿ ಕೊನೆಯ ಕಛೇರಿ ನಡೆಯಿತು.

ಎರಡು ಕೋರಿಕೆ ಇಟ್ಟು ಮಾತು ಮುಗಿಸುತ್ತೇನೆ. ಕ್ಲಾನಡ್ ಕೇಳಬೇಕೆಂದು ಯಾರಿಗಾದರೂ ಅನಿಸಿದರೆ ‘ಹ್ಯಾರೀಸ್ ಗೇಮ್’ನಿಂದ ಶುರು ಮಾಡಬೇಡಿ, ‘ಡೂಲಮಾನ್’ನಿಂದ ಮಾಡಿ. ಇನ್ನೊಂದು ಕೋರಿಕೆ ಈ ದತ್ತಿ ಇಟ್ಟ ಕುಟುಂಬಕ್ಕೆ ಮತ್ತು ಸಮಿತಿಗೆ. ನಮ್ಮಲ್ಲೂ ತಾಯಿ ಮಕ್ಕಳು ಮಾವಂದಿರು ಕೂಡಿ ಹಾಡುವ ಮನೆಗಳಿವೆ. ಅವರಿಗೆ ತಾಲೀಮಿಗೆ ಜಾಗವಿಲ್ಲ, ತಂಬೂರಿ ದಮ್ಮಡಿ ಕೊಳ್ಳಲು ದುಡ್ಡಿಲ್ಲ. ಮುಂದಿನ ವರ್ಷದಿಂದ ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ಅಂಥ ಒಂದು ಮನೆಗೆ ಕೊಡಿ, ಈ ಸಭಾಂಗಣವನ್ನು ತಿಂಗಳಿಗೊಂದು ಸಂಜೆ ಅವರಿಗೆ ಬಾಡಿಗೆ ಇಲ್ಲದೆ ಬಿಟ್ಟುಕೊಡಿ. ಅದಕ್ಕಾಗಿ ಉಪನ್ಯಾಸಕರ ಸಂಭಾವನೆ ಕಡಿಮೆ ಮಾಡಬೇಕಾಗಿ ಬಂದರೆ ಈ ವರ್ಷದಿಂದಲೇ ಮಾಡಬಹುದು.